ಪ್ರೆಸ್ಸಮ್ಮನ ಕಪ್ಪು ಅಂಚು

ಆಲೂರಿನ ಬಸ್ ಸ್ಟ್ಯಾಂಡ್ ದಾಟಿ ಸಂತೆಯ ಕಡೆಗೆ ತಿರುಗುವಲ್ಲಿ, ಗೊಬ್ಬರದ ಅಂಗಡಿಗೂ ಮೊಬೈಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿರುವ ಪ್ರೆಸ್ಸಿನ ಒಡತಿಯ ಹೆಸರು ಫ್ಲಾವಿಯಾ ರೆಬೆಲ್ಲೊ. ಆ ಹೆಸರು ಬ್ಯಾಂಕಿನವರಿಗೂ ಇಗರ್ಜಿಯ ಪಾದ್ರಿಗಳಿಗೂ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಅವಳು ಪ್ರೆಸ್ಸಮ್ಮ.

ವ್ಯಾಪಾರದಲ್ಲಿ ಪ್ರೆಸ್ಸಮ್ಮನನ್ನು ಬಗ್ಗಿಸಿದವರು ಆ ಸೀಮೆಯಲ್ಲಿ ಕಡಿಮೆ. ಮದುವೆ ಕಾರ್ಡು ಮಾಡಿಸಲು ಬಂದವರು ಮೆಟ್ಟಿಲು ಹತ್ತುವಾಗಲೇ, ಇವರು ಚಿನ್ನದ ಬಣ್ಣದ ಗಣಪತಿಗೆ ಒಪ್ಪುವವರೋ, ಕೆಂಪು ಗಣಪತಿಗೇ ತೃಪ್ತಿಪಡುವವರೋ ಎಂದು ಅಳೆದುಬಿಡುತ್ತಿದ್ದಳು. ಚುನಾವಣೆಗೆ ನಿಂತವರು ಕರಪತ್ರದಲ್ಲಿ ತಮ್ಮ ಫೋಟೋ ಇನ್ನೂ ದೊಡ್ಡದಾಗಲಿ ಎಂದರೆ, ಇವರು ಗೆಲ್ಲುವ ಪೈಕಿಯಲ್ಲ ಎಂದು ತಿಳಿದು ಪೂರ್ತಿ ಹಣ ಮುಂಚೆಯೇ ಕೇಳುತ್ತಿದ್ದಳು. ಅವಳು ಮಾತ್ರ ಮದುವೆಯಾಗಲಿಲ್ಲ. ಮೂರು ತಾಲ್ಲೂಕಿನ ಲಗ್ನಪತ್ರಿಕೆಗಳನ್ನು ಅಚ್ಚು ಹಾಕಿದವಳು ತನ್ನದೊಂದರ ಪ್ರೂಫಿಗೆ ಸಹಿ ಹಾಕಲಿಲ್ಲ ಎಂದು ಊರು ನಗುತ್ತಿತ್ತು. ಆ ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಅವಳೇ.

ಪ್ರೆಸ್ಸು ಅವಳ ಅಪ್ಪ ಬೋನಿಫಾಸರದ್ದು. ಮಂಗಳೂರಿನ ಹಳೆಯ ಮಿಷನ್ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ ಅವರು, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರವನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಬಂದಿದ್ದರು. ಕಾಫಿ ಇರುವಲ್ಲಿ ಬಿಲ್ ಪುಸ್ತಕ ಬೇಕೇ ಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ.

ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಅಕ್ಷರಗಳನ್ನು ಕಲಿಸಿದ್ದು ತಲೆಕೆಳಗಾಗಿ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಸಾಲನ್ನು ಬುಡಮೇಲಾಗಿ ಹಿಡಿದು ಜೋಡಿಸಬೇಕು. ಶಾಲೆಗೆ ಹೋದ ಹುಡುಗಿಗೆ ಕಪ್ಪುಹಲಗೆಯ ನೇರ ಅಕ್ಷರಗಳೇ ಸೊಟ್ಟಗೆ ಕಂಡವು. ಕೆಲಸದ ನಡುವೆ ಅಪ್ಪ ಕಥೆ ಹೇಳುತ್ತಿದ್ದರು. ಚೀನಾದವರು ಮರದ ಹಲಗೆಯಲ್ಲಿ ಇಡೀ ಪುಟ ಕೆತ್ತಿ ಒತ್ತಿದ್ದು, ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಕಲ್ಲಿನ ಮೇಲೆ ಬರೆದು ಅಚ್ಚಾದದ್ದು.

"ಜರ್ಮನಿಯ ಆ ಅಕ್ಕಸಾಲಿ ಉಂಟಲ್ಲ, ದ್ರಾಕ್ಷಿ ಹಿಂಡುವ ಯಂತ್ರ ನೋಡಿ ಅಚ್ಚಿನ ಯಂತ್ರ ಮಾಡಿದನಂತೆ ಮಗಾ. ಇಲ್ಲಿ ಇಷ್ಟು ಜನ ದಿನಾ ಕಾಫಿ ಹಣ್ಣು ಸುಲಿಯೋ ಪಲ್ಪರ್ ತಿರುಗಿಸ್ತಾರೆ. ಒಬ್ಬನಿಗಾದ್ರೂ ಏನಾದ್ರೂ ಹೊಳೀತಾ, ಹೇಳು!"

ಫ್ಲಾವಿಯಾಳಿಗೆ ಆ ಕಥೆಗಳು ಕೇಳಲು ಚೆನ್ನಾಗಿದ್ದವು, ಅಷ್ಟೇ. ಕಾಗದ ಬಿಳಿಯಾಗಿ ಒಳಗೆ ಬರುತ್ತದೆ, ಕಪ್ಪಾಗಿ ಹೊರಗೆ ಹೋಗುತ್ತದೆ, ನಡುವಿನದ್ದು ಲಾಭ. ಇದು ಅವಳ ಧರ್ಮವಾಗಿತ್ತು. ಅಪ್ಪನ ಒಂದೇ ಒಂದು ಕಟ್ಟಳೆಯನ್ನು ಮಾತ್ರ ಅವಳು ಮೀರಿರಲಿಲ್ಲ. ತಿಥಿ ಕಾಗದಕ್ಕೆಂದು ಇಟ್ಟಿದ್ದ ದಪ್ಪ ಕಪ್ಪು ಅಂಚಿನ ಪಟ್ಟಿಗಳನ್ನು ಅವರು ಬೇರೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. "ಇದು ಸತ್ತವರದ್ದು. ಬದುಕಿದ್ದವರಿಗೆ ತೋರಿಸ್ಬಾರ್ದು" ಎನ್ನುತ್ತಿದ್ದರು.

ಅಪ್ಪ ಹೋದರು. ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಫ್ಲೆಕ್ಸ್ ಬಂತು. ಟ್ರೆಡಲ್ ಮಾತ್ರ ಹಿಂದಿನ ಕೋಣೆಯಲ್ಲಿ ಬಿಲ್ಲುಗಳಿಗೆ ನಂಬರ್ ಒತ್ತಿಕೊಂಡು, ಕಾರ್ಡುಗಳಿಗೆ ಮಡಿಕೆ ಗೆರೆ ಹಾಕಿಕೊಂಡು ಉಳಿಯಿತು. ನಿವೃತ್ತಿಯಾದ ಮೇಲೂ ಆಫೀಸಿಗೆ ಬಂದು ಕೂರುವ ಹೆಡ್ ಕ್ಲಾರ್ಕಿನ ಹಾಗೆ.

ಆ ಯಂತ್ರವನ್ನು ನೋಡಲು ಈ ವರ್ಷ ಮೇ ತಿಂಗಳಲ್ಲಿ ಬಂದವನು ನವೀನ್‌ಕುಮಾರ್. ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವ ತರುಣ. ಮುದ್ರಣದ ಆರಂಭದ ಇತಿಹಾಸವನ್ನು ಫೋಟೋದಲ್ಲಿ ತೋರಿಸಿದರೆ ಮಕ್ಕಳು ನಿದ್ದೆ ಮಾಡುತ್ತಾರೆ, ನಿಜವಾದ ಮೊಳೆ ಮುಟ್ಟಿಸಬೇಕು ಎಂಬ ಆಸೆ ಅವನಿಗೆ. ಎರಡು ದಿನ ಬಂದವನು ಮೂರನೆಯ ದಿನಕ್ಕೆ ಸಲುಗೆ ಬೆಳೆಸಿಕೊಂಡು, ಹಾಳು ಪ್ರೂಫಿನ ಬೆನ್ನಿಗೆ ಚೌಕಗಳನ್ನೂ ಬಾಣಗಳನ್ನೂ ಬರೆದು ಪ್ರೆಸ್ಸಮ್ಮನಿಗೇ ಪಾಠ ಶುರುಮಾಡಿದ.

"ನೋಡಿ ಮೇಡಂ, ಇದು ಸಂವಹನದ ಮಾದರಿ. ಇವನು ಹೇಳುವವನು. ಇದು ಅವನ ಮಾತು. ಇದು ಮಾತು ಹೋಗುವ ದಾರಿ. ಇವನು ಕೇಳುವವನು."

"ಇಷ್ಟಕ್ಕೆ ಕಾಲೇಜು ಬೇಕಾ?"

"ತಾಳಿ. ದಾರೀಲಿ ಗದ್ದಲ ಇರುತ್ತೆ. ಗದ್ದಲ ಅಂದ್ರೆ ಸದ್ದೇ ಆಗ್ಬೇಕಿಲ್ಲ. ಮಾತು ಮುಟ್ಟೋದನ್ನ ಏನೇನು ಕೆಡಿಸುತ್ತೋ ಎಲ್ಲಾ ಗದ್ದಲವೇ."

"ಮತ್ತೆ ಈ ವಾಪಸ್ ಬರ್ತಾ ಇರೋ ಬಾಣ?"

"ಕೇಳಿದವನಿಗೆ ಏನು ತಿಳೀತು ಅಂತ ಹೇಳಿದವನಿಗೆ ಗೊತ್ತಾಗ್ಬೇಕಲ್ಲ, ಅದಕ್ಕೆ. ಮೊದಲಿನ ಮಾದರಿಗಳಲ್ಲಿ ಆ ಬಾಣ ಇರ್ಲಿಲ್ಲ. ಆಮೇಲೆ ಸೇರಿಸಿದ್ರು."

"ಮೊದಲಿನವರೇ ಜಾಣರು ಬಿಡಿ" ಎಂದಳು ಪ್ರೆಸ್ಸಮ್ಮ. "ಕಾರ್ಡು ಕಟ್ಟಿ ಕಳಿಸಿದ ಮೇಲೆ ಯಾರೂ ವಾಪಸ್ ಬರ್ಬಾರ್ದು ಮಾರಾಯ. ಬಂದರೆ ಅತ್ತೆ ಹೆಸರು ಬಿಟ್ಟುಹೋಗಿದೆ ಅಂತಲೇ ಬರೋದು."

ಅದೇ ಸಂಜೆ ಆಲಿಕಲ್ಲು ಸಮೇತ ಬೀಸಿದ ಗಾಳಿಗೆ ಲೈನಿನ ಮೇಲೆ ಮರಗಳು ಬಿದ್ದವು. ಕರೆಂಟು ಹೋಯಿತು. ಮಾರನೆಯ ದಿನ ಟವರುಗಳೂ ಒಂದೊಂದಾಗಿ ಸುಮ್ಮನಾದವು. ಆಫ್‌ಸೆಟ್ಟಿಗೆ ಮುಸುಕು ಹಾಕಿ, ಪ್ರೆಸ್ಸಮ್ಮ ಬಾಗಿಲಲ್ಲಿ ಕುಳಿತು, ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುವವರನ್ನು ನೋಡಿ ನಗುತ್ತಿದ್ದಳು. ಎಲ್ಲರೂ ಆರತಿ ಎತ್ತುವವರ ಹಾಗೆ ಕಾಣುತ್ತಿದ್ದರು.

ಆ ನಗುವನ್ನು ನಿಲ್ಲಿಸಿದವನು ಕುಳ್ಳಯ್ಯ. ಆನೆಗಳ ಹಿಂದೆ ತಿರುಗಿ ಎಲ್ಲಿವೆ ಎಂದು ಅರಣ್ಯ ಇಲಾಖೆಗೆ ತಿಳಿಸುವ ವಾಚರ್ ಕೆಲಸ ಅವನದ್ದು. ಕೆ. ಹೊಸಕೋಟೆ ಕಡೆಯಿಂದ ಬೈಕಿನಲ್ಲಿ ಬಂದಿದ್ದ. ಮೊಣಕಾಲ ತನಕ ಕೆಸರು.

"ಅಮ್ಮಾವ್ರೆ, ಆನೆಗೋಳು ಹಾಳ್ತೋಟುಕ್ಕೆ ಇಳ್ದವೆ. ಮರಿಗೋಳೂ ಅವೆ ಜೊತ್ಗೆ. ಹಲಸಿನಣ್ಣು ರಾಶಿ ಬಿದ್ದೈತೆ ಅಲ್ಲಿ. ಸದ್ಯಕ್ಕೆ ಕದ್ಲಾವಲ್ಲ."

ಪ್ರೆಸ್ಸಮ್ಮನಿಗೆ ಆ ಜಾಗ ಗೊತ್ತಿತ್ತು. ಕೆ. ಹೊಸಕೋಟೆಯ ಆಚೆ, ಯಾರೂ ನೋಡಿಕೊಳ್ಳದೆ ಕಾಡು ಹತ್ತಿದ ಕಾಫಿ ತೋಟ. ಅದರ ನಡುವಿನ ಒಳದಾರಿಯಲ್ಲಿ ಸುತ್ತಲಿನ ಮನೆಗಳ ಹೆಂಗಸರು ಬೆಳಕು ಹರಿಯುವ ಮೊದಲೇ ಎಸ್ಟೇಟಿಗೆ ಹೋಗುತ್ತಾರೆ. ಡಾಂಬರು ರಸ್ತೆಯಲ್ಲಿ ಬಳಸಿದರೆ ಹಾಜರಿಗೆ ತಡ, ಮೇಸ್ತ್ರಿಯ ಬೈಗುಳ. ಆ ಗುಂಪಿನ ಮುಂದೆ ಯಾವಾಗಲೂ ನಡೆಯುವವಳು ನಂಜಮ್ಮ. ಇದೇ ಪ್ರೆಸ್ಸಿನಲ್ಲಿ ವರ್ಷಾನುಗಟ್ಟಲೆ ಟ್ರೆಡಲಿಗೆ ಕಾಗದ ಕೊಟ್ಟವಳು, ಫ್ಲಾವಿಯಾಳ ಗೆಳತಿ ಎನ್ನಬಹುದಾದ ಒಬ್ಬಳೇ ಒಬ್ಬಳು.

"ಫಾರೆಸ್ಟಿನವರ ಮೆಸೇಜ್ ಜನಕ್ಕೆ ಹೋಗಿಲ್ವಾ?"

"ಎಲ್ಲಿಗೋಗ್ತದೆ, ಟವರೇ ಸತ್ತೈತೆ. ದಿನಾ ಆನೆ ಬಂದ್ರೆ ಫೋನು ಟಣ್ ಅಂತಿತ್ತು. ಈಗ ಟಣ್ ಅಂದಿಲ್ಲ ಅಂದ್ರೆ ಆನೇನೇ ಇಲ್ಲ ಅಂತ ತಿಳ್ಕಂಡ್ಬುಟ್ಟವ್ರೆ ಜನ. ನಾ ಒಬ್ನೇ ಎಷ್ಟ್ ಮನೇಗೆ ಹೇಳ್ಲಿ? ಹೇಳಿದ್ರೂ, ನಿಂದು ಯಾವಾಗ್ಲೂ ಇದೇ ರಾಗ ಹೋಗಯ್ಯ ಅಂತಾರೆ. ಅಚ್ಚಾಗಿರೋ ಕಾಗ್ದ ಕೊಡಿ. ಅಚ್ಚಿಗೆ ಎದ್ರು ಮಾತಾಡಲ್ಲ ಯಾರೂವೆ."

ಪ್ರೆಸ್ಸಮ್ಮ ಎದ್ದಳು. ಟ್ರೆಡಲಿಗೆ ಕರೆಂಟಿನ ಹಂಗಿಲ್ಲ, ಕಾಲಿದ್ದರೆ ಸಾಕು. ಧೂಳು ಹೊಡೆದು ಮೊಳೆ ಜೋಡಿಸಿದಳು. 'ಸಾರ್ವಜನಿಕರ ಗಮನಕ್ಕೆ' ಎಂದು ಶುರುವಾಗಿ, ಆನೆ ಇರುವ ಜಾಗ, ಹೋಗಬಾರದ ದಾರಿ, ಎಲ್ಲವೂ ಚೊಕ್ಕಟವಾಗಿ ಬಂತು. ಕಾಗದದ ವಿಷಯಕ್ಕೆ ಮಾತ್ರ ಅವಳೊಳಗಿನ ವ್ಯಾಪಾರಿ ಬಾಯಿ ಹಾಕಿದ. ಮುರಿದುಬಿದ್ದ ಮದುವೆಯೊಂದಕ್ಕೆ ತರಿಸಿ ಉಳಿದಿದ್ದ, ನಾಲ್ಕು ಮೂಲೆಗೂ ಅರಿಶಿನ ಕುಂಕುಮದ ಗುರುತಿದ್ದ ಹಳದಿ ಹಾಳೆ ಕಟ್ಟುಗಟ್ಟಲೆ ಕೊಳೆಯುತ್ತಿತ್ತು. ಅಳತೆಗೂ ಸರಿ, ಕಣ್ಣಿಗೂ ಹೊಡೆಯುತ್ತದೆ. ಇದಕ್ಕಿಂತ ಏನು ಬೇಕು?

ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಸುನಿಲ್‌ಕುಮಾರ್ ಕಟ್ಟನ್ನು ಸೀಟಿನ ಪಕ್ಕ ಇಟ್ಟುಕೊಂಡು, "ಮನೆಮನೆಗೂ ಮುಟ್ಟಿಸೋ ಹಾಗೆ ಮಾಡ್ತೀನಿ ಬಿಡಿ" ಎಂದ. ಮುಟ್ಟಿಸಿಯೂ ಮುಟ್ಟಿಸಿದ.

ಮಾರನೆಯ ದಿನ ಸಂತೆ. ತೋಟದಲ್ಲಿ ಅರ್ಧ ದಿನದ ಕೆಲಸ. ಬಿಸಿಲೇರಿದ ಮೇಲೆ ನಂಜಮ್ಮ ಚೀಲ ಹಿಡಿದು ಬಂದು, ಪ್ರೆಸ್ಸಿನ ಕಟ್ಟೆಯ ಮೇಲೆ ಕುಳಿತು, ಪ್ರೆಸ್ಸಮ್ಮನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ಏನಮ್ಮಾರೆ, ಕೊನೇಗೂ ನಿಮ್ದೇನಾ?"

"ಏನು ನಂದು?"

"ಮದ್ವೆ! ಹಟ್ಟಿ ಹಟ್ಟಿಗೂ ಕಾರ್ಡ್ ಕಳ್ಸಿದೀರಲ್ಲ. ನಾ ಅಂತೂ ದೇವ್ರ ಗೂಡಲ್ಲಿ ಮಡಗಿ ಕೈ ಮುಗ್ದೆ. ಲಗ್ನ ಯಾವತ್ತು, ಮುಯ್ಯಿಗೆ ಪಾತ್ರೆ ತರ್ಲಾ ಸೀರೆ ತರ್ಲಾ?"

ಒಳಗೆ ಮೊಳೆಗಳ ಫೋಟೋ ತೆಗೆಯುತ್ತಿದ್ದ ನವೀನ್ ತಲೆ ಎತ್ತಿದ. ಪ್ರೆಸ್ಸಮ್ಮನ ಮುಖದಲ್ಲಿ ನಗು ಬರಲಿಲ್ಲ.

"ಓದ್ಲಿಲ್ವೇನೇ ನೀನು?"

"ಅರಿಶ್ಣ ಕಂಡ್ಮೇಲೆ ಓದಾದೇನೈತೆ? ದಿನ ಹತ್ರ ಬಂದಾಗ ತೆಗ್ದು ನೋಡಾದು."

"ಬೇರೆ ಯಾರೂ ಓದ್ಲಿಲ್ವಾ?"

"ಎಲ್ರ ಮನೇಲೂ ಗೂಡಲ್ಲೇ ಅವೆ ಕಣ್ರಮ್ಮ. ಯಾಕೆ?"

"ಇವತ್ತು ಬೆಳಿಗ್ಗೆ ಯಾವ ದಾರೀಲಿ ಹೋದ್ರಿ?"

"ಹಾಳ್ತೋಟದಾಗೇಯ. ಅದ್ಯಾಕೋ ಇವತ್ತು ಹಸಿ ಸಗ್ಣಿ ವಾಸ್ನೆ ಬತ್ತಿತ್ತು. ಈಟೀಟ್ ದೊಡ್ ಗುಡ್ಡೆ, ಹೊಗೆ ಆಡ್ತಿತ್ತು ಇನ್ನೂವೆ. ಯಾರ್ದೋ ಎಮ್ಮೆ ನುಗ್ಗಿರ್ಬೇಕು ಅಂತ ನಾವೂ..."

ಹೇಳುತ್ತ ಹೇಳುತ್ತ ನಂಜಮ್ಮನೇ ನಿಲ್ಲಿಸಿದಳು. ಅಷ್ಟು ದೊಡ್ಡ ಗುಡ್ಡೆ ಹಾಕುವ ಎಮ್ಮೆ ಯಾರ ಮನೆಯಲ್ಲೂ ಇಲ್ಲ ಎಂಬುದು ಅವಳಿಗೆ ಆಗ ಹೊಳೆದಿರಬೇಕು.

ಪ್ರೆಸ್ಸಮ್ಮ ಮೆಲ್ಲಗೆ ಒಳಗೆ ತಿರುಗಿದಳು. "ನವೀನ್, ನಿಮ್ಮ ಬಾಣ ವಾಪಸ್ ಬಂತು ನೋಡಿ."

ಅವಳೇ ಮುಂದುವರಿಸಿದಳು. "ಗದ್ದಲ ದಾರೀಲಿ ಇರ್ಲಿಲ್ಲ. ನಾನೇ ಕಾಗದದಲ್ಲಿ ಸುತ್ತಿ ಕಳಿಸಿದೆ. ಎರಡು ಮೂರು ಕಾಸು ಉಳಿಸೋಕೆ."

"ಕಾಗದವೂ ಮಾತಾಡುತ್ತೆ ಮೇಡಂ" ಎಂದ ನವೀನ್. "ಅಕ್ಷರಕ್ಕಿಂತ ಮೊದಲೇ ಮಾತಾಡಿಬಿಡುತ್ತೆ. ಈಗ ಅದು ಏನು ಹೇಳ್ಬೇಕು ಅಂತ ಯೋಚ್ನೆ ಮಾಡಿ."

ಯೋಚಿಸಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ಮದುವೆಯ ಕಾಗದ ನೇರ ದೇವರ ಗೂಡಿಗೆ ಹೋಗುತ್ತದೆ. ತಿಥಿಯ ಕಾಗದ ಹೊಸಿಲು ದಾಟುವುದಿಲ್ಲ. ಕೊಟ್ಟವರು ನಿಲ್ಲದೆ ಹೊರಟುಬಿಡುತ್ತಾರೆ; ಮನೆಯವರು ಬಾಗಿಲಾಚೆ ನಿಂತು, ಒಳಗಿರುವವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿ, ಅಲ್ಲೇ ಹರಿದು ಹಾಕಬೇಕು. ಓದದೆ ಇಡುವಂತಿಲ್ಲ. ಇದು ಪ್ರೆಸ್ಸಮ್ಮನಿಗೂ ಗೊತ್ತಿತ್ತು, ನಂಜಮ್ಮನಿಗೂ ಗೊತ್ತಿತ್ತು. ಇಬ್ಬರೂ ಕಪಾಟಿನ ಮೇಲಿನ ಬಟ್ಟೆಯ ಗಂಟನ್ನು ನೋಡಿದರು.

"ಬ್ಯಾಡಿ ಅಮ್ಮಾರೆ" ಎಂದಳು ನಂಜಮ್ಮ. "ಬದ್ಕಿರೋರ ಮನೇಗೆ ಕರಿ ಅಂಚಾ? ನಿಮ್ಮಪ್ಪಾರು ಏನಂತಿದ್ರು ಮರ್ತೋಯ್ತಾ? ಜನ ಮಣ್ಣು ತೂರ್ತಾರೆ. ಇನ್ ಮೇಲೆ ಯಾರ್ ಬತ್ತಾರೆ ನಿಮ್ ಕೈಲಿ ಲಗ್ನಪತ್ರಿಕೆ ಮಾಡ್ಸಕ್ಕೆ?"

ಮಾತು ಸುಳ್ಳಲ್ಲ. ಮದುವೆಗಳ ಹಂಗಾಮು. ಬದುಕಿದ್ದವರಿಗೆ ಸಾವಿನ ಕಾಗದ ಕಳಿಸಿದವಳ ಕೈಯಿಂದ ಅರಿಶಿನದ ಕಾಗದ ತೆಗೆದುಕೊಳ್ಳುವವರು ಯಾರು? ಪ್ರೆಸ್ಸಮ್ಮ ಒಂದು ಗಳಿಗೆ ಕಪಾಟಿಗೆ ಕೈ ಒತ್ತಿ ನಿಂತಳು. ವ್ಯಾಪಾರಿಯೊಬ್ಬಳು ತನ್ನ ಅಂಗಡಿಯನ್ನೇ ತಕ್ಕಡಿಗೆ ಹಾಕಿ ನೋಡಿದ ಗಳಿಗೆ ಅದು. ಇನ್ನೊಂದು ತಟ್ಟೆಯಲ್ಲಿ ನಂಜಮ್ಮ ಕುಳಿತಿದ್ದಳು, ಅದೂ ಗುಂಪಿನ ಮುಂದೆ ನಡೆಯುವ ನಂಜಮ್ಮ.

ಗಂಟು ಬಿಚ್ಚಿದಳು.

ಈ ಸಲ 'ಸಾರ್ವಜನಿಕರ ಗಮನಕ್ಕೆ' ಇರಲಿಲ್ಲ. ಸುತ್ತ ದಪ್ಪ ಕಪ್ಪು ಅಂಚು. ಮೇಲೆ, ಸತ್ತವರ ಫೋಟೋ ಇರಬೇಕಾದಲ್ಲಿ ಒಂದು ಖಾಲಿ ಚೌಕ. ಕೆಳಗೆ, ಹಿಂದೆ ನಾಟಕದ ಪೋಸ್ಟರುಗಳಿಗೆ ಬಳಸುತ್ತಿದ್ದ ಮರದ ಅಕ್ಷರಗಳಲ್ಲಿ:

'ಈ ಜಾಗ ಇನ್ನೂ ಖಾಲಿ ಇದೆ.'

ಅದರ ಕೆಳಗೆ ಸಣ್ಣ ಮೊಳೆಗಳಲ್ಲಿ: 'ಹಾಳು ತೋಟದ ಒಳದಾರಿಯಲ್ಲಿ ಮರಿಗಳ ಸಮೇತ ಆನೆಗಳಿವೆ. ಬೆಳಿಗ್ಗೆ ಆ ದಾರಿಯಲ್ಲಿ ಯಾರೂ ಹೋಗಬೇಡಿ. ಡಾಂಬರು ರಸ್ತೆಯಲ್ಲಿ ಬನ್ನಿ.'

ನಂಜಮ್ಮ ಗೊಣಗುತ್ತಲೇ ಸೆರಗು ಸಿಕ್ಕಿಸಿ ಯಂತ್ರದ ಮುಂದೆ ನಿಂತಳು. ಪ್ರೆಸ್ಸಮ್ಮ ತುಳಿದಳು. ರೋಲರು ಶಾಯಿ ಉಣಿಸಿತು, ಯಂತ್ರ ಬಾಯಿ ತೆರೆದು ಮುಚ್ಚಿತು, ಮೊದಲ ಹಾಳೆ ಹೊರಗೆ ಬಂತು. ತಿರುಗಿ ನಿಂತಿದ್ದ ಸೀಸವೂ ಮರವೂ ನೇರವಾದ ಮಾತಾಗಿ ಎದುರಿಗೆ ನಿಂತಿತು. ಅವಳು ಜೀವಮಾನವಿಡೀ ಇದನ್ನು ಕಂಡಿದ್ದಳು. ಆದರೂ ಆ ಹಾಳೆಯನ್ನು ತಕ್ಷಣ ಕೆಳಗಿಡಲು ಆಗಲಿಲ್ಲ. ಖಾಲಿ ಚೌಕ ಅವಳನ್ನೇ ನೋಡುತ್ತಿತ್ತು. ನವೀನ್ ಇಣುಕಿದವನು ಒಂದು ಹೆಜ್ಜೆ ಹಿಂದೆ ಸರಿದ.

ಸಂಜೆಯ ಬಸ್ಸಿಗೆ ಕಟ್ಟು ಕೊಟ್ಟು ಕಳಿಸಲಿಲ್ಲ. ನಂಜಮ್ಮನನ್ನು ಕರೆದುಕೊಂಡು ತಾನೇ ಹತ್ತಿದಳು. ಸುನಿಲ್‌ಕುಮಾರ್ ಕಟ್ಟಿನ ಮೇಲಿನ ಹಾಳೆ ನೋಡಿ ಟಿಕೆಟ್ ಹರಿಯುವುದನ್ನು ಮರೆತ.

"ಯಾರ್ ಸತ್ತಿದ್ದು ಪ್ರೆಸ್ಸಮ್ಮ?"

"ಇನ್ನೂ ಯಾರೂ ಇಲ್ಲ. ಓದು."

ಓದಿದ. ಓದಿದ ಮೇಲೆ, ಇಳಿಯುವವರಿಗೆಲ್ಲ ಅವನು ಅದನ್ನು ಓದಿ ಹೇಳುವ ತನಕ, ಪ್ರತಿ ಸ್ಟಾಪಿನಲ್ಲೂ ಬಸ್ಸು ಸ್ವಲ್ಪ ಹೆಚ್ಚೇ ನಿಂತಿತು.

ಕೆ. ಹೊಸಕೋಟೆಯ ಆಚೆ ಇಳಿದು ಇಬ್ಬರೂ ಮನೆಯಿಂದ ಮನೆಗೆ ನಡೆದರು. ಕೊಟ್ಟರು, ನಿಲ್ಲದೆ ಹೊರಟರು. ಮೊದಲ ಮನೆಯ ಮುದುಕ, "ಥೂ, ನಿನ್ನ ಕೈ ಸೇದೋಗ! ಗಟ್ಟಿಯಾಗಿ ಬದ್ಕಿವ್ನಿ ಕಣೇ ನಾನು!" ಎಂದು ಕೂಗಿದ. ನಂಜಮ್ಮ ತಲೆ ತಗ್ಗಿಸಿದಳು. ಆದರೆ ಮುದುಕ ಬೈಯುತ್ತಲೇ ಕಾಗದವನ್ನು ಬೆಳಕಿಗೆ ಹಿಡಿದ. ಹಿಂದಿನಿಂದ ಅವನ ದನಿ ಬಂತು, ತಡೆದು ತಡೆದು: "ಈ... ಜಾಗ... ಇನ್ನೂ... ಖಾಲಿ ಇದೆ."

ಎರಡನೆಯ ಮನೆಯಲ್ಲಿ ಹೆಣ್ಣುಮಗುವೊಂದು ಓದಿತು. ಮೂರನೆಯದರಲ್ಲಿ ಸೊಸೆ ಓದಿದಳು, ಅತ್ತೆ ಇನ್ನೊಮ್ಮೆ ಓದಿಸಿದಳು. ಇಳಿಜಾರಿನ ಕೆಳಗೆ, ಹಳ್ಳದಾಚೆ, ಬಿದಿರಿನ ಹಿಂದೆ, ಒಂದೊಂದೇ ಹೊಸಿಲಿನಿಂದ ಅದೇ ಮಾತು ಎದ್ದು ಬರತೊಡಗಿತು. ಗೊಗ್ಗರು ದನಿ, ಎಳೆಯ ದನಿ, ಅಕ್ಷರ ಕೂಡಿಸಿ ಓದುವ ದನಿ. ಪ್ರೆಸ್ಸಮ್ಮ ದಾರಿಯ ನಡುವೆ ನಿಂತುಬಿಟ್ಟಳು. ಓದಬಲ್ಲವರು ಊರಿಗೊಬ್ಬರಿದ್ದ ಕಾಲದಲ್ಲಿ ಒಬ್ಬ ಓದಿದರೆ ಇಡೀ ಬೀದಿ ಕೂತು ಕೇಳುತ್ತಿತ್ತಂತೆ ಎಂದು ಅಪ್ಪ ಹೇಳುತ್ತಿದ್ದರು. ಅವಳು ಅದನ್ನು ಹಳೆಯವರ ಬಡಾಯಿ ಎಂದುಕೊಂಡಿದ್ದಳು. ಈಗ ಅವಳ ಕೈಯ ಮಸಿ ಇನ್ನೂ ಆರಿರಲಿಲ್ಲ, ಅವಳು ಜೋಡಿಸಿದ ಮಾತು ಅವಳಿಗಿಂತ ಮುಂದೆ ಗುಡ್ಡ ಹತ್ತುತ್ತಿತ್ತು. ಇಷ್ಟು ವರ್ಷ ತಾನು ಮಾರಿದ್ದು ಏನನ್ನು ಎಂದು ಮೊದಲ ಸಲ ಅನುಮಾನ ಬಂತು. ಅಂಗಡಿಯಲ್ಲಿ ಸಿಡಿಮದ್ದನ್ನು ಉಪ್ಪಿನ ಹಾಗೆ ತೂಗಿ ಕೊಟ್ಟವಳಂತೆ ಮೈ ಜುಮ್ಮೆಂದಿತು.

ಒಳದಾರಿಯ ಈಚೆಗಿದ್ದ ಎಸ್ಟೇಟ್ ಲೈನಿನ ಕೂಲಿ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಸಂಸಾರಗಳಿದ್ದವು. ಅವರಿಗೆ ಕನ್ನಡ ಓದಲು ಬಾರದು. ಒಬ್ಬ ಹೆಂಗಸು ಕಪ್ಪು ಅಂಚನ್ನು ಬೆರಳಿನಿಂದ ಸವರಿ, ಖಾಲಿ ಚೌಕದ ಮೇಲೆ ಬೆರಳಿಟ್ಟು, ಯಾರು ಎಂಬಂತೆ ಹುಬ್ಬು ಏರಿಸಿದಳು. ನಂಜಮ್ಮ ಒಂದು ತೋಳನ್ನು ಸೊಂಡಿಲಿನಂತೆ ಬೀಸಿ, ಹಾಳು ತೋಟದ ಕಡೆ ತೋರಿಸಿ, ಆಮೇಲೆ ಅವಳ ಎದೆಯನ್ನೇ ತೋರಿಸಿದಳು. ಹೆಂಗಸು ಕಾಗದವನ್ನು ಕೈಬಿಡದೆ ಪಕ್ಕದ ಬಾಗಿಲಿಗೆ ಓಡಿದಳು.

ಆ ರಾತ್ರಿ ಪ್ರೆಸ್ಸಮ್ಮ ನಂಜಮ್ಮನ ಮನೆಯಲ್ಲೇ ಉಳಿದಳು. ಓದಿದವರೆಲ್ಲ ನಂಬಿದರೋ, ನಾಳೆ ಹಾಜರಿಯ ಅವಸರದಲ್ಲಿ ಒಬ್ಬಳಾದರೂ ಒಳದಾರಿ ಹಿಡಿದುಬಿಟ್ಟಾಳೋ, ಅದು ಬೆಳಗಾಗದೆ ತಿಳಿಯುವಂತಿರಲಿಲ್ಲ.

ಬೆಳಕು ಹರಿಯುವ ಮೊದಲೇ ಇಬ್ಬರೂ ಡಾಂಬರು ರಸ್ತೆಗೆ ಬಂದರು. ಮಂಜಿನಲ್ಲಿ ಮೊದಲು ಒಂದು ಟಾರ್ಚ್ ಕಂಡಿತು. ಆಮೇಲೆ ಇನ್ನೊಂದು. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಕತ್ತಿ ಹಿಡಿದ ಗಂಡಸರು, ಲೈನಿನವರು, ಬೈದ ಮುದುಕನ ಮಗಳೂ. ದಿನವೂ ಖಾಲಿ ಇರುತ್ತಿದ್ದ ರಸ್ತೆ ಆ ದಿನ ತುಂಬಿಹೋಗಿತ್ತು. ಹಾಳು ತೋಟ ಕಾಣುವ ತಿರುವಿನಲ್ಲಿ ಕುಳ್ಳಯ್ಯ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ.

ಕೆಳಗೆ ಮಂಜು ಸ್ವಲ್ಪ ಸರಿಯಿತು. ಒಳದಾರಿ ಬರಿದಾಗಿ ಬಿದ್ದಿತ್ತು. ಗಿಡಗಳ ನಡುವಿನಿಂದ ಬಂಡೆಯೊಂದು ಹೊರಟು ಬಂದಂತೆ ಹೆಣ್ಣಾನೆ ದಾರಿಗಿಳಿಯಿತು. ಅದರ ಹಿಂದೆ ಇನ್ನೊಂದು. ಹೊಟ್ಟೆಯಡಿ ನುಸುಳುತ್ತ ಮರಿಗಳು. ಸದ್ದೇ ಇಲ್ಲ. ಅಷ್ಟು ದೊಡ್ಡ ಮೈಗಳು ಹೆಂಗಸರು ತುಳಿದು ಸವೆಸಿದ ಆ ಕಿರಿದಾದ ದಾರಿಯಲ್ಲೇ, ದಿನವೂ ಅವರು ಹೋಗುತ್ತಿದ್ದ ಹೊತ್ತಿಗೇ, ಸಾಲಾಗಿ ನಡೆದವು. ಮುಂದಿನ ಆನೆ ಒಮ್ಮೆ ನಿಂತು ಸೊಂಡಿಲೆತ್ತಿ ಗಾಳಿ ಮೂಸಿತು. ಅಸ್ಸಾಮಿನ ಹೆಂಗಸು ನಂಜಮ್ಮನ ಮುಂಗೈ ಹಿಡಿದುಕೊಂಡಿದ್ದಳು.

ಮುಂದಿನ ಆನೆ ಮತ್ತೆ ಹೆಜ್ಜೆ ಹಾಕಿತು. ಕೊನೆಯ ಮರಿಯ ಬಾಲವೂ ಗಿಡಗಳಲ್ಲಿ ಮರೆಯಾದ ಮೇಲೂ ಜನ ಕದಲಲಿಲ್ಲ. ಪ್ರೆಸ್ಸಮ್ಮ ಆನೆಗಳನ್ನು ನೋಡುತ್ತಿರಲಿಲ್ಲ. ರಸ್ತೆಯ ಉದ್ದಕ್ಕೂ ನಿಂತಿದ್ದ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಅಮ್ಮಾರೆ, ನಡೀರಿ" ಎಂದಳು ನಂಜಮ್ಮ, ಕಣ್ಣು ಒರೆಸಿಕೊಂಡು. "ಮೇಸ್ತ್ರಿ ಇವತ್ತು ಎಲ್ರಿಗೂ ಒಟ್ಟಿಗೆ ಬೈತಾನೆ. ಬೈಸ್ಕಳಾಕೆ ಎಲ್ರೂ ಇದೀವಲ್ಲ, ಅಷ್ಟೇ ಸಾಕು."

ಹೆಂಗಸರು ನಗುತ್ತ ಮುಂದೆ ನಡೆದರು. ಪ್ರೆಸ್ಸಮ್ಮ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಅವರ ಕಾಲಸಪ್ಪಳ ಡಾಂಬರಿನ ಮೇಲೆ ದೂರವಾಗುವುದನ್ನು, ಯಾವತ್ತೂ ಕೇಳದ ಸದ್ದೊಂದನ್ನು ಕೇಳುವವಳ ಹಾಗೆ ಕೇಳುತ್ತ.